ಮೂವತ್ತೊಂದನೆಯ ಸುತ್ತು

ಮಯೋಟ್ ದ್ವೀಪದಿಂದ ಬೆಳಗಿನ ವಿಮಾನಕ್ಕೆ ಬಂದದ್ದು
ಎರಡು ಮಿಲಿಲೀಟರು:
ಒಂಬತ್ತು ತಿಂಗಳ ಕೂಸಿನ ಬೆನ್ನಿನಿಂದ ತೆಗೆದ ನೀರು,
ಐಸಿನ ಡಬ್ಬಿಯಲ್ಲಿ.
ಚೀಟಿಯ ಮೇಲೆ ಹೆಸರು, ಫಾಯ್ದಿನ್ ಬಾಕಾರಿ.
ಕೆಳಗೆ ನರ್ಸಿನ ಅವಸರದ ಅಕ್ಷರ:
ಅಳು ನಿಂತಿದೆ.

ಹುಳುವನ್ನೇ ಕಣ್ಣಾರೆ ಕಂಡದ್ದು
ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಇಲ್ಲ.
ಅದು ಬಿಟ್ಟುಹೋದ ತುಣುಕನ್ನು ಹುಡುಕಬೇಕು,
ಒಂದನ್ನು ಎರಡು ಮಾಡಿ, ಎರಡನ್ನು ನಾಲ್ಕು ಮಾಡಿ,
ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ
ಪಿಸುಮಾತನ್ನು ಸಂತೆಯ ಗದ್ದಲ ಮಾಡಬೇಕು.

ಇಪ್ಪತ್ತು ಸುತ್ತು. ಗೆರೆ ಮಲಗಿದೆ.
ಇಪ್ಪತ್ತೆಂಟು. ಮಲಗಿಯೇ ಇದೆ.
ಕಾಫಿ ತರಲು ಎದ್ದೆ, ಹೋಗಲಿಲ್ಲ.
ಮೂವತ್ತೊಂದರಲ್ಲಿ ಗೆರೆ ತಲೆಯೆತ್ತಿತು,
ಆಗಷ್ಟೇ ಬೋರಲು ಬೀಳಲು ಕಲಿತ ಕೂಸು
ಕತ್ತೆತ್ತಿ ನೋಡುವ ಹಾಗೆ.

ಫೋನು ಮಾಡಿದೆ.
ಇಲಿಯ ಶ್ವಾಸಕೋಶದ ಹುಳು,
ಬಸವನಹುಳುವಿನಿಂದ ಕೂಸಿನ ಬಾಯಿಗೆ, ಬಾಯಿಂದ ಮಿದುಳಿಗೆ.
ಇಷ್ಟನ್ನು ಶಿಮಾವೊರೆ ಭಾಷೆಯಲ್ಲಿ ಹೇಳಲು
ಡಾಕ್ಟರಿಗೆ ಬಹಳ ಹೊತ್ತು ಹಿಡಿಯಿತು.

ಆಮೇಲೆ ತಾಯಿ ಮೊಯ್ನೆಷಾ, ನೇರ ನನ್ನೊಡನೆ,
ಮುರುಕು ಫ್ರೆಂಚಿನಲ್ಲಿ:
ಬಾಳೆಯ ಬುಡದಲ್ಲಿ ಕೂರಿಸಿದ್ದೆ,
ಬಟ್ಟೆ ಒಣಹಾಕುವಷ್ಟು ಹೊತ್ತು.
ಆರು ಬಟ್ಟೆ. ಇಲ್ಲ, ಏಳು.
ಅದೂ ನಿಮ್ಮ ಯಂತ್ರದಲ್ಲಿ ಕಾಣುತ್ತದೆಯೇ?

ಕಾಣುವುದಿಲ್ಲ, ಅಮ್ಮಾ, ಎಂದೆ.
ಅಷ್ಟರಲ್ಲಿ ಲೈನು ಹೋಗಿತ್ತು;
ಕೇಳಿಸಿತೋ ಇಲ್ಲವೋ.

ನಳಿಕೆಯಲ್ಲಿ ಇನ್ನೂ ಅರ್ಧ ಹನಿ ಉಳಿದಿತ್ತು.
ಚೆಲ್ಲಬಹುದಿತ್ತು.
ಫ್ರೀಜರಿನಲ್ಲಿ ಇಡುವ ಮುಂಚೆ
ಐಸಿನ ನೀರಿಗೆ ಮಾಸಿದ ಹೆಸರನ್ನು
ಇನ್ನೊಮ್ಮೆ, ದಪ್ಪ ಅಕ್ಷರದಲ್ಲಿ ಬರೆದೆ.