ಐದಕ್ಕೆ ನಾಲ್ಕು

ಫರ್ಹೀನಳಿಗೆ ನಾನು ಅಂಕ ಹಾಕುತ್ತಿರುವುದು ಇದು ಮೂರನೇ ಸಲ.
ಮೊದಲ ಸಲ, ಎರಡು ವರ್ಷದ ಹಿಂದೆ,
ನೋವೇ ಇಲ್ಲದ ಪಾದಕ್ಕೆ ಟೇಪು ಸುತ್ತುವಾಗ
ಅವಳ ಕೈ ನಡುಗಿ ಹಿಮ್ಮಡಿಯ ಮೇಲೆ ಸುಕ್ಕು ಬಿತ್ತು,
ಜೂನ್ ತಿಂಗಳಲ್ಲಿ ಅವಸರಕ್ಕೆ ಹಾಕಿದ
ಪುಸ್ತಕದ ಬೈಂಡಿನ ಹಾಗೆ.
ಎರಡು ಕೊಟ್ಟೆ.
ಮುಂದಿನ ಸಲ ಕೈ ಪಳಗಿತ್ತು, ಬಾಯಿ ಇನ್ನೂ ಪಳಗಿತ್ತು,
ಸ್ನಾಯು, ಕಟ್ಟು, ಮೂಳೆ, ಎಲ್ಲ ಮಗ್ಗಿ ಒಪ್ಪಿಸಿದಂತೆ.
ಆ ಕಾಲಿನ ಹುಡುಗಿಯ ಹೆಸರೇನು ಅಂತ ಕೇಳಿದೆ.
ಗೊತ್ತಿರಲಿಲ್ಲ.
ಮೂರು.
ಗುತ್ತಲು ಸ್ಟಾಪಿನವರೆಗೂ ವಾದ ಮಾಡುತ್ತ ಬಂದಳು.

ಇವತ್ತು ಮಂಡ್ಯ ಸ್ಟೇಡಿಯಂ.
ಕಾರ್ಖಾನೆ ಕಡೆಯಿಂದ ಕಾಕಂಬಿ ವಾಸನೆ.
ಕಬಡ್ಡಿ ಅಂಕಣದಲ್ಲಿ ಹೊಳಲಿನ ಚಿರಂತ್
ಬೋನಸ್ ಗೆರೆ ಮುಟ್ಟಿ ತಿರುಗಿದ. ಮೈ ತಿರುಗಿತು,
ಪಾದ ತಿರುಗಲಿಲ್ಲ.

ಓಡಿ ಹೋದಳು. ಹೋದವಳು ಮುಟ್ಟಲಿಲ್ಲ.
ಮಣ್ಣಲ್ಲಿ ಕೂತು ಕೇಳಿದಳು:
"ಏನಾದ್ರೂ ಸದ್ದು ಕೇಳಿಸ್ತಾ, ಚಿರಂತ್?"
"ಕಬ್ಬು ಮುರ್ದಂಗಾಯ್ತು ಅಕ್ಕ, ಲಟಕ್ ಅಂತ."

ಮೊದಲು ಹಿಡಿದದ್ದು ನೋವಿಲ್ಲದ ಮಂಡಿ.
ನನ್ನ ಪಕ್ಕ ನಿಂತ ಹುಡುಗರು ನಕ್ಕರು.
ಒಳ್ಳೇದು ಹೇಗಿರುತ್ತೆ ಅಂತ ಬೆರಳಿಗೆ ನೆನಪು ಮಾಡಿಸಿ
ಆಮೇಲೆ ಇನ್ನೊಂದು:
ತೊಡೆ ಒಂದು ಕೈಯಲ್ಲಿ, ಮಂಡಿಯ ಕೆಳಗೆ ಮತ್ತೊಂದು ಕೈ,
ಮೆಲ್ಲಗೆ ಮುಂದಕ್ಕೆ.
ತಡೆ ಸಿಗಲಿಲ್ಲ.
ನನಗೆ ಹೇಗೆ ಗೊತ್ತು?
ಅವಳ ಮುಖ ಒಂದಿಷ್ಟೂ ಬದಲಾಗಲಿಲ್ಲ,
ಅದರಿಂದಲೇ ಗೊತ್ತಾಯಿತು.

ಜವರಪ್ಪ ಮೇಷ್ಟ್ರು ಅಂಚಿನಿಂದ ಕೂಗಿದರು:
"ಸ್ಪ್ರೇ ಹೊಡ್ದು ಕಳ್ಸವ್ವ, ಇನ್ನೆರಡೇ ರೈಡು!"
"ಇಲ್ಲ ಸಾರ್."
"ಸೆಮಿಫೈನಲ್ ಕಣವ್ವ!"
"ಇಲ್ಲ ಸಾರ್."
ಎರಡನೇ ಇಲ್ಲ ಮೊದಲನೆಯದಕ್ಕಿಂತ ಮೆತ್ತಗಿತ್ತು.

ಪೆನ್ನು ನಿಂತಿತು.
ಇದೇ ಮೈದಾನ, ನನ್ನ ಮೊದಲ ವರ್ಷ,
ಇದೇ ಥರದ ಕೂಗು, ನನ್ನ ಕೈಯಲ್ಲೂ ಒಂದು ಸ್ಪ್ರೇ ಡಬ್ಬಿ.
ನಾನು ಹೊಡೆದೆ.
ನಿಂಗರಾಜು ಎದ್ದ, ಹೋದ, ಎರಡು ಪಾಯಿಂಟು ತಂದ.
ಗೆದ್ದೆವು.
ಈಗ ಹಾಲಿನ ಡೇರಿ ಮುಂದೆ ಆಟೊ ನಿಲ್ಲಿಸಿಕೊಂಡಿರುತ್ತಾನೆ,
ಕಾಲೆಳೆದುಕೊಂಡು ಬಂದು "ನಮಸ್ಕಾರ ಸಾ" ಅನ್ನುತ್ತಾನೆ,
ನನ್ನ ಹತ್ತಿರ ಬಾಡಿಗೆ ಇಸ್ಕೊಳ್ಳಲ್ಲ.
ಆವತ್ತು ನನಗೆ ಅಂಕ ಹಾಕುವವರು ಯಾರೂ ಇರಲಿಲ್ಲ.
ಶಾಲು ಹೊದಿಸಿದ್ದರು.

ಸ್ವಮೌಲ್ಯಮಾಪನದ ಕಾಲಂ ಅವಳೇ ತುಂಬಿದ್ದಾಳೆ: ಮೂರು.
ಕಾರಣ: ಮೇಷ್ಟ್ರು ಕೂಗುವ ಮುಂಚೆಯೇ ಹೇಳಬೇಕಿತ್ತು.
ಹೆದರಿದೆ. ನಾಲ್ಕೈದು ಸೆಕೆಂಡು.
ಸೆಕೆಂಡು ಎಣಿಸಿಕೊಂಡವಳಿಗೆ ನಾನೇನು ಎಣಿಸಲಿ?
ನಾಲ್ಕು ಬರೆದೆ.
ಐದು ಇಲ್ಲೀತನಕ ಯಾರಿಗೂ ಕೊಟ್ಟಿಲ್ಲ,
ಕೊಡುವವನ ಅರ್ಹತೆಗೆ ನಮೂನೆಯಲ್ಲಿ ಕಾಲಂ ಇಲ್ಲ,
ಸಹಿಗೆ ಮಾತ್ರ ಜಾಗ.

"ಇನ್ನೊಂದು ಯಾಕೆ ಹೋಯ್ತು ಸಾರ್?" ಕೇಳೇ ಕೇಳುತ್ತಾಳೆ.
ಬ್ಯಾಂಡೇಜಿನ ಅಂಚಲ್ಲೊಂದು ಸುಕ್ಕಿದೆ ಅಂತೀನಿ.
ಇದೆ ಕೂಡ.

ಅಗೋ, ಆಂಬುಲೆನ್ಸು ಬರುವಷ್ಟರಲ್ಲಿ
ಯಾರದೋ ಊರುಗೋಲು ತಂದು ಅವನ ಕಂಕುಳಿಗೆ ಅಳತೆ ಮಾಡಿ
ಗ್ಯಾಲರಿಯ ಮೂರು ಮೆಟ್ಟಿಲ ಹತ್ತಿರ ನಿಂತಿದ್ದಾಳೆ:
"ಹತ್ತುವಾಗ ಒಳ್ಳೇ ಕಾಲು ಮೊದಲು.
ಇಳಿಯುವಾಗ ನೋವಿನ ಕಾಲು."
ಅವನು ಮರೆಯುತ್ತಾನೆ. ಮತ್ತೆ ಹೇಳುತ್ತಾಳೆ.
ಮತ್ತೆ.

ಹಾಳೆ ತಿರುಗಿಸಿ ಹಿಂಬದಿಯಲ್ಲಿ ಬರೆದುಕೊಳ್ಳುತ್ತೇನೆ,
ನನಗೆ ಗೊತ್ತಿಲ್ಲದ್ದೇನಲ್ಲ:
ಇಳಿಯುವಾಗ ನೋವಿನ ಕಾಲು ಮೊದಲು.