ಐದು ಮಂದಿಗಾ?

ಚೌಬಾರಾದ ಬುಡಕ್ಕ ಐದು ಮಂದಿ ಕೂಡಿದ್ವಿ,
ಡಿಪೋ ಬಿಟ್ಟ ಮ್ಯಾಲ ಇದೇ ಮೊದಲು.
ವೈಜಿನಾಥ ಚೀಟಿ ಬರಕೊಂಡು ಬಂದಿದ್ದ:
ಎಲ್ಲಿ ಸಿಂದಿ ಹುಳಿ, ಎಲ್ಲಿ ಬರೇ ಶೇಂಗಾ ಛಲೋ.

ಗವಾನ್ ಚೌಕಿನ ಹಿಂದಿಂದು ಸಿಕ್ಕಿತು.
ಗಡಿಗಿ ಹೋಗಿ ಪ್ಲಾಸ್ಟಿಕ್ ಜಗ್ಗು.
ಬೆಂಚಿಗೆ ಕೊರೆದಿದ್ದ ನಮ್ಮ ಬಸ್ಸಿನ ನಂಬರು
ಯಾರ ಒಲಿಗೆ ಹೋಯ್ತೋ.

ಮಂಗಲಪೇಟದಾಗ ನರಸಮ್ಮನ ಅಂಗಡಿ.
ಬೇವಿನ ಗಿಡ ಅದ, ಕಟ್ಟಿ ಅದ,
ಬೋರ್ಡಿನ್ಯಾಗ ದೊಡ್ಡದೊಂದು ಬಿಳಿ ಹಲ್ಲು ನಗಲಿಕತ್ತದ.
ತಿರುಗಿ ಹೋಗಬೇಕಿತ್ತು.
ಖಾಜಾಮಿಯಾ ಚಪ್ಪಲಿ ಬಿಟ್ಟು ಒಳಗ ನಡದ;
ಅದೇ ಗೋಡಿ, ಅದೇ ಮೂಲಿ,
ನಾವೂ ಸಾಲಾಗಿ ಕುಂತ್ವಿ.

ಟೋಕನ್ ಕೊಡೋ ಹುಡುಗಿ ಮೂಗು ಮುಚ್ಚಿಕೊಂಡು ಕೇಳಿದಳು,
"ಐದೂ ಮಂದಿಗಾ?"
ನರಸಮ್ಮನೂ ಹಿಂಗೇ, ಲೋಟ ತೊಳಕೋತ.

ಧೂಳಪ್ಪ, ಬಾಯಾಗ ಒಂದೂ ಹಲ್ಲಿಲ್ಲದವ,
ಎದ್ದು ನಿಂತು ಅಂದ:
"ಹೂಂ ಅವ್ವಾ. ಶೇಂಗಾನೂ ಇರಲಿ."