ಒಂದು ಮೊಳದ ಸಿದ್ಧತೆ

ಯೆರ್ಕೊ ಕೊಟ್ಟ ಚೀಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿದೆ,
ಕರೆಂಟ್ ಬಿಲ್ಲಿನ ಪಕ್ಕ.
ಹುಡುಗನಿಗೆ ಇಪ್ಪತ್ನಾಲ್ಕು. ಅಕ್ಷರ ಇರುವೆಸಾಲು.
ಮೊದಲು ಇಷ್ಟು ಮಾಡಿ, ನೋಲ್ಫಾ ಅಮ್ಮ, ಅಂದಿದ್ದ,
ಸೂಜಿ ಆಮೇಲೆ.

ಚೆನ್ನಾಗಿ ನಿದ್ದೆ ಮಾಡಿ.
ತಾಲ್ಕಾವಾನೊ ಬಂದರಿಗೆ ದೋಣಿ ಬರುವುದು
ಮೂರೂವರೆ ಜಾವಕ್ಕೆ.
ಇಪ್ಪತ್ತೊಂಬತ್ತು ವರ್ಷದಿಂದ ನನ್ನ ನಿದ್ದೆ ಎರಡು ತುಂಡು,
ನಡುವೆ ಮೀನು.

ನೀರು ಕುಡಿಯಿರಿ.
ದಿನವಿಡೀ ನೀರಲ್ಲೇ ನಿಂತವಳು ನಾನು,
ರಬ್ಬರ್ ಬೂಟಿನೊಳಗೆ ಪಾದ ನೆನೆಯಿಟ್ಟ ಅಕ್ಕಿ.
ಒಳಗೆ ಎಷ್ಟು ಹೋಯಿತು ಎಂದು ಲೆಕ್ಕ ಇಟ್ಟವರಿಲ್ಲ.
ಈಗ ಬಾಟಲಿಗೆ ಪೆನ್ನಿನಲ್ಲಿ ಗೆರೆ ಎಳೆದು
ಗೆರೆಯಿಂದ ಗೆರೆಗೆ ಕುಡಿಯುತ್ತೇನೆ,
ಐಸ್ ಗೋದಾಮಿನ ಹಿಂದಕ್ಕೆ ಹತ್ತು ಸಲ ಓಡುತ್ತೇನೆ.

ಆಸ್ಪಿರಿನ್ ಬೇಡ, ರಕ್ತ ತೆಳುವಾಗುತ್ತದೆ.
ಇದೊಂದು ಕಷ್ಟ.
ಮಂಜುಗಡ್ಡೆಯ ಪೆಟ್ಟಿಗೆಗೆ ಕೈ ಇಟ್ಟರೆ
ಗೆಣ್ಣು ಗೆಣ್ಣೂ ನನ್ನ ಹೆಸರು ಹಿಡಿದು ಕೂಗುತ್ತದೆ.
ಏಳು ದಿನ ಕೂಗಲು ಬಿಟ್ಟೆ.
ನಾಲ್ಕನೆಯ ದಿನ ಚಾಕು ಜಾರಿ ಬಿತ್ತು.
ಓರ್ಫೆಲಿನಾ ಏನೂ ಅನ್ನಲಿಲ್ಲ,
ನನ್ನ ಪಾಲಿನ ಎರಡು ಬುಟ್ಟಿ ಎಳೆದುಕೊಂಡು
ತನ್ನವೆಂಬಂತೆ ಸೀಳತೊಡಗಿದಳು.

ಮದ್ಯ ಬೇಡ.
ಅಯ್ಯೋ ಹುಡುಗ, ಇದು ಸೆಪ್ಟೆಂಬರ್!
ಹದಿನೆಂಟಕ್ಕೆ ಇಡೀ ಚಿಲಿ ಬಾವುಟ ಕಟ್ಟಿ ಕುಡಿಯುತ್ತದೆ,
ನಾಯಿಯ ಕೊರಳಿಗೂ ಮೂರು ಬಣ್ಣದ ರಿಬ್ಬನ್.
ತಂಗಿಯ ಗಂಡ ಎರಿಬೆರ್ತೊ ಚಿಚಾದ ಹೂಜಿ ಹಿಡಿದು
ನನ್ನೆದುರು ಬಂದು ನಿಂತ:
ಐವತ್ತೆರಡಕ್ಕೆ ಹಚ್ಚೆ, ಮೇಲಿಂದ ಉಪವಾಸ ಬೇರೆ,
ಕನ್ಯಾಮಠ ಸೇರಿದೆಯೇನು?
ಲೋಟ ಮೂಗಿನವರೆಗೆ ಒಯ್ದೆ.
ಹುಳಿ, ಸಿಹಿ, ಒದ್ದೆ ದ್ರಾಕ್ಷಿ, ನನ್ನ ಅಪ್ಪನ ಮೀಸೆ.
ಅವನ ಲೋಟಕ್ಕೇ ಸುರಿದು ಬಂದೆ.

ಚರ್ಮ ಒಣಗಲು ಬಿಡಬೇಡಿ.
ರಾತ್ರಿ ತೆಂಗಿನ ಕ್ರೀಮು ತಿಕ್ಕಿದೆ
ಉಪ್ಪು ತಿಂದ ತೋಳಿಗೆ, ಮಾಸಿದ ಗೀರುಗಳಿಗೆ,
ರೆಕ್ಕೆಮುಳ್ಳು ಹೊಕ್ಕು ಹೊರಟ ಹಳೆಯ ತೂತಿಗೆ.
ಬೆಳಿಗ್ಗೆ ಕಟ್ಟೆಯ ಬೆಕ್ಕುಗಳು ಮೂಸಿ
ಮುಖ ಮುಖ ನೋಡಿಕೊಂಡವು.

ಏನು ಬರೆಸುತ್ತೀ ಎಂದು ಕೇಳಿದವರಿಗೆಲ್ಲ
ತೋಳು ಚಾಚಿ ತೋರಿಸುತ್ತೇನೆ:
ಮೊಳಕೈಯಿಂದ ಮಣಿಕಟ್ಟಿನವರೆಗೆ ಒಂದು ಅಳತೆಕೋಲು,
ಸೆಂಟಿಮೀಟರು, ನಡುವೆ ಅರ್ಧದ ಚಿಕ್ಕ ಗೆರೆ.
ಮೀನು ಎಷ್ಟುದ್ದ ಎಂದು ನನ್ನ ಕಣ್ಣಿಗೆ ಗೊತ್ತು.
ಪ್ಲಾಸ್ಟಿಕ್ ಸ್ಕೇಲಿನ ಇನ್‌ಸ್ಪೆಕ್ಟರಿಗೆ
ನನ್ನ ಕಣ್ಣು ಗೊತ್ತಿಲ್ಲ.
ಯೆರ್ಕೊ ಎಚ್ಚರಿಸಿದ್ದ, ಚರ್ಮ ಸಡಿಲಾಗುತ್ತದೆ,
ಹತ್ತು ವರ್ಷಕ್ಕೆ ಸೆಂಟಿಮೀಟರು ಸೆಂಟಿಮೀಟರಾಗಿ ಉಳಿಯದು.
ಮೀನೂ ಅಷ್ಟೆ, ಸತ್ತ ಮೇಲೆ ಕುಗ್ಗುತ್ತದೆ, ಅಂದೆ.

ಹೊಟ್ಟೆ ತುಂಬ ತಿಂದು ಬನ್ನಿ.
ಚೀಟಿಯ ಕೊನೆಯ ಸಾಲು. ಕೆಳಗೆ ಎರಡು ಸಲ ಗೀಟು.
ಅಡುಗೆಮನೆಯಲ್ಲಿ ನಿಂತು ಓದಿದೆ, ಮತ್ತೆ ಓದಿದೆ.
ಡಾಕ್ಟರು ಭಾರ ಎತ್ತಬೇಡಿ ಅಂದಿದ್ದರು,
ಗಂಡ, ಇದ್ದಷ್ಟು ದಿನ, ಬೇಗ ಬೇಗ ಅನ್ನುತ್ತಿದ್ದ,
ಅವ್ವ, ಪಾಪ, ತಟ್ಟೆಗಳ ಲೆಕ್ಕದಲ್ಲೇ ಮುಳುಗಿದ್ದಳು.
ನಿದ್ದೆ ಮಾಡು, ನೀರು ಕುಡಿ, ತಿಂದು ಬಾ:
ಚುಚ್ಚುವವನು ಹೇಳಬೇಕಾಯಿತೆ ಇದನ್ನು?

ಇಪ್ಪತ್ತರ ಬೆಳಿಗ್ಗೆ, ಮೋಡ.
ಹೊಸ ರೇಜರು ತೋಳ ಮೇಲೆ ಮೆಲ್ಲಗೆ ನಡೆಯಿತು.
ಸಣ್ಣ ಕೂದಲು ಬಚ್ಚಲಿಗೆ ಬಿತ್ತು,
ಒಳಗಿನಿಂದ ಬೆಳ್ಳನೆಯ ಇನ್ನೊಬ್ಬಳು ಬಂದಳು.
ತೋಳಿಲ್ಲದ ಅಂಗಿ, ಮೇಲೊಂದು ಸ್ವೆಟರ್.
ಹತ್ತೂವರೆಯ ಬಸ್ಸು.

ಸೊನ್ನೆ ಎಲ್ಲಿಂದ, ಮಣಿಕಟ್ಟಿನಿಂದಲೇ? ಅಂದ ಯೆರ್ಕೊ,
ನೇರಳೆ ಪೆನ್ನು ಹಿಡಿದು.
ಇಲ್ಲಪ್ಪ, ಮೊಳಕೈ ಮಡಿಕೆಯಿಂದ.
ತಲೆ ಇಲ್ಲಿ ಬರುತ್ತದೆ, ನೋಡು,
ಎಂದು ಇಲ್ಲದ ಮೀನೊಂದನ್ನು ತೋಳಲ್ಲಿ ಮಲಗಿಸಿ ತೋರಿಸಿದೆ.
ಅವನು ಒಂದು ಗಳಿಗೆ ಸುಮ್ಮನಿದ್ದ.
ಕೈಗವಸು ಎಳೆದುಕೊಂಡ. ದೀಪ ಬಗ್ಗಿಸಿದ.

ತಿಂಡಿ ಆಯ್ತಾ?

ಆಯ್ತು ಮಗ.
ಎರಡು ಮೊಟ್ಟೆ, ಬ್ರೆಡ್ಡು, ಅರ್ಧ ಬೆಣ್ಣೆಹಣ್ಣು.
ಇನ್ನರ್ಧ
ಚೀಲದಲ್ಲಿದೆ, ನಿನಗೆ.